ಗಾವುದ, ಹರದಾರಿ, ಆಕಾಶಮಾರ್ಗ: ನವಲಗುಂದ–ಕಲಘಟಗಿಗಳ ನಡುವಣ ದೂರದ ವಿಚಾರ

ಧಾರವಾಡ ಜಿಲ್ಲೆಯ ಈಶಾನ್ಯ ಮೂಲೆಯಲ್ಲಿ ನವಲಗುಂದವೂ ನೈರುತ್ಯ ಮೂಲೆಯಲ್ಲಿ ಕಲಘಟಗಿಯೂ ಇವೆ. ಇವೆರಡರ ನಡುವೆ ದೂರವೆಷ್ಟೆಂದು ಕೇಳಿದರೆ ಒಂದೇ ಉತ್ತರ ದೊರೆಯುವುದಿಲ್ಲ. ಭೂಪಟದ ಮೇಲೆ ಸೂತ್ರ ಹಿಡಿದು ಅಳೆದವನು ಸುಮಾರು ೬೦ ಕಿಲೋಮೀಟರು ಎನ್ನುತ್ತಾನೆ. ವಾಹನ ನಡೆಸುವವನು ೭೦ರ ಆಸುಪಾಸು ಎನ್ನುತ್ತಾನೆ. ಹಳ್ಳಿಯ ಹಿರಿಯನು ಇವೆರಡನ್ನೂ ಬಿಟ್ಟು ‘ಎರಡು ತಾಸಿನ ದಾರಿ’ ಎಂದುಬಿಡುತ್ತಾನೆ. ಮೂವರಲ್ಲಿ ಯಾರೂ ಸುಳ್ಳಾಡಿದವರಲ್ಲ. ಮೊದಲನೆಯವನು ಹೇಳಿದ್ದು ಆಕಾಶದ ದೂರ, ಎರಡನೆಯವನದು ನೆಲದ ದೂರ, ಮೂರನೆಯವನದು ಕಾಲ. ಈ ಮೂರನ್ನು ಒಂದರೊಡನೊಂದು ಬೆರೆಸಿದಾಗ ತೊಡಕು ಹುಟ್ಟುತ್ತದೆ. ಮತ್ತು ಪ್ರಾಚೀನ ಕಾವ್ಯಗಳಿಗೆ ಟಿಪ್ಪಣಿ ಬರೆಯುವವರು, ಅವುಗಳನ್ನು ತರಗತಿಗಳಲ್ಲಿ ಪಾಠ ಹೇಳುವವರು ಈ ಬೆರಕೆಯನ್ನು ದಿನವೂ ಮಾಡುತ್ತಿರುವುದರಿಂದ ವಿಷಯವು ವಿಚಾರಾರ್ಹವಾಗಿದೆ.

ಕಾವ್ಯದಲ್ಲಿ ‘ಗಾವುದ’ ಎಂದು ಬಂದ ಕಡೆ ಅಡಿಟಿಪ್ಪಣಿಯಲ್ಲಿ ‘ಹನ್ನೆರಡು ಮೈಲಿ’ ಎಂದೂ, ‘ಹರದಾರಿ’ ಎಂದು ಬಂದ ಕಡೆ ‘ಮೂರು ಮೈಲಿ’ ಎಂದೂ, ‘ಯೋಜನ’ ಎಂದು ಬಂದ ಕಡೆ ಒಮ್ಮೆ ಎಂಟು, ಒಮ್ಮೆ ಒಂಬತ್ತು, ಒಮ್ಮೆ ಹನ್ನೆರಡು ಮೈಲಿ ಎಂದೂ ಬರೆಯುವುದು ವಾಡಿಕೆಯಾಗಿದೆ. ಕೋಶಗಳು ಹಾಗೆ ಹೇಳುತ್ತವೆ. ಟಿಪ್ಪಣಿಕಾರನು ಹಾಗೆಯೇ ಬರೆಯುತ್ತಾನೆ. ಇದರಲ್ಲಿ ಎರಡು ದೋಷಗಳಿವೆ. ಮೊದಲನೆಯದು ಸಣ್ಣದು. ೧೯೫೬ರ ತೂಕ ಮತ್ತು ಅಳತೆಗಳ ಶಾಸನದ ತರುವಾಯ ಮೈಲಿಯು ವ್ಯವಹಾರದಿಂದ ಮೆಲ್ಲನೆ ಹೊರಬಿದ್ದು, ಇಂದಿನ ವಿದ್ಯಾರ್ಥಿಗೆ ಅದು ತಾನೇ ಟಿಪ್ಪಣಿಯನ್ನು ಬೇಡುವ ಶಬ್ದವಾಗಿದೆ. ಒಂದು ಹಳೆಯ ಮಾತನ್ನು ಇನ್ನೊಂದು ಹಳೆಯ ಮಾತಿನಿಂದ ವಿವರಿಸಿದಂತಾಗುತ್ತದೆ. ಎರಡನೆಯ ದೋಷವು ದೊಡ್ಡದು. ಮೈಲಿಯಾಗಲಿ ಕಿಲೋಮೀಟರಾಗಲಿ ಕಾಲನಿರಪೇಕ್ಷವಾದ, ಹಾದಿಯ ಗುಣವನ್ನು ಲೆಕ್ಕಿಸದ ಅಳತೆ. ಗಾವುದ ಹರದಾರಿಗಳು ಅಂಥವಲ್ಲ. ಅವು ನಡೆಯುವವನ ಕಾಲಿನಿಂದಲೂ ಎಳೆಯುವ ಎತ್ತಿನ ಹೆಗಲಿನಿಂದಲೂ ಹುಟ್ಟಿದವು. ಇದನ್ನು ಮೇಲೆ ಹೇಳಿದ ಎರಡು ಊರುಗಳನ್ನೇ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸಬಹುದು.

ನವಲಗುಂದವು ಎರೆಭೂಮಿಯ ಊರು. ಪ್ರಾಚೀನರ ಬೆಳ್ವೊಲ ಮುನ್ನೂರೆಂಬ ನಾಡು ಇಲ್ಲಿಯೇ ಹಬ್ಬಿತ್ತು. ಅಣ್ಣಿಗೇರಿಯು ಅದರ ಮುಖ್ಯಸ್ಥಾನ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಯೆಂದು ಹೆಸರಿಸುವ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಭೂಪಟದಲ್ಲಿ ಗುರುತಿಸಿ ಗೆರೆಗಳಿಂದ ಸೇರಿಸಿದರೆ ನವಲಗುಂದ ಅಣ್ಣಿಗೇರಿಗಳು ಆ ಚತುಷ್ಕೋಣದ ಒಳಗೆ ಬೀಳುತ್ತವೆ. ಕಲಘಟಗಿಯಾದರೋ ಮಲೆನಾಡಿನ ಸೆರಗು. ಒಂದು ಕಡೆ ಕಣ್ಣು ಹಾಯುವವರೆಗೆ ಮರವಿಲ್ಲದ ಬಯಲು, ಇನ್ನೊಂದು ಕಡೆ ಕಾಡು ಮತ್ತು ಭತ್ತದ ಗದ್ದೆ. ಇವೆರಡರ ನಡುವೆ ಜಲವಿಭಾಜಕವೊಂದು ಹಾಯ್ದಿದೆ. ಮೂಡಣ ಮಗ್ಗುಲಿನ ನೀರು ಬೆಣ್ಣಿಹಳ್ಳವಾಗಿ ಕುಂದಗೋಳದ ಕಡೆಯಿಂದ ಬಡಗಣಕ್ಕೆ ಹರಿದು ಮಲಪ್ರಭೆಯನ್ನು ಸೇರಿ, ಕೃಷ್ಣೆಯೊಡನೆ ಪೂರ್ವಸಮುದ್ರಕ್ಕೆ ಹೋಗುತ್ತದೆ. ಪಡುವಣ ಮಗ್ಗುಲಿನ ನೀರು ಬೇಡ್ತಿಯಾಗಿ ಘಟ್ಟವಿಳಿದು ಪಶ್ಚಿಮಸಮುದ್ರಕ್ಕೆ ಹೋಗುತ್ತದೆ. ಇಂದು ಈ ಎರಡೂ ಊರುಗಳು ಒಂದೇ ರಾಷ್ಟ್ರೀಯ ಹೆದ್ದಾರಿಯ ಮೇಲಿವೆ. ವಿಜಾಪುರದ ಕಡೆಯಿಂದ ಬಂದು ನವಲಗುಂದ, ಹುಬ್ಬಳ್ಳಿ, ಕಲಘಟಗಿಗಳನ್ನು ಹಾಯ್ದು ಅಂಕೋಲೆಗೆ ಇಳಿಯುವ ೫೨ನೆಯ ಸಂಖ್ಯೆಯ ಹೆದ್ದಾರಿ ಅದು. ಇಂಥ ಹಾದಿ ಇರುವುದರಿಂದಲೇ ಆಕಾಶದ ಅರುವತ್ತು ನೆಲದ ಮೇಲೆ ಎಪ್ಪತ್ತಾಗಿ ಅಷ್ಟಕ್ಕೇ ನಿಂತಿದೆ.

ಆದರೆ ಡಾಮರಿನ ಹಾದಿ ಇಲ್ಲದ ಕಾಲವನ್ನು ಊಹಿಸಬೇಕು. ಎರೆಯ ಮಣ್ಣು ಬೇಸಗೆಯಲ್ಲಿ ಬಿರುಕುಬಿಟ್ಟು ಕಲ್ಲಿನಂತೆ ಗಟ್ಟಿಯಾಗುತ್ತದೆ; ಮಳೆ ಬಿದ್ದೊಡನೆ ಅಂಟಾಗಿ ಗಾಲಿಯ ಅಚ್ಚಿನವರೆಗೆ ಹಿಡಿಯುತ್ತದೆ. ಯಮನೂರಿನ ಬಳಿ ಹರಿಯುವ ಬೆಣ್ಣಿಹಳ್ಳವು ಬೇಸಗೆಯಲ್ಲಿ ದಾಟುವವನ ಪಾದ ನೆನೆಯಿಸುವಷ್ಟಿದ್ದರೂ ಮಳೆಗಾಲದಲ್ಲಿ ತುಂಬಿ ಹೊಲಗಳ ಮೇಲೆ ಹರಡಿ ದಾರಿಯನ್ನೇ ಕಡಿದುಹಾಕುತ್ತದೆ. ಅಣ್ಣಿಗೇರಿಗೂ ನವಲಗುಂದಕ್ಕೂ ಸರಳರೇಖೆಯಲ್ಲಿ ಸುಮಾರು ೧೭ ಕಿಲೋಮೀಟರು ಮಾತ್ರ. ಚೈತ್ರದಲ್ಲಿ ಇದು ಒಂದು ಹೊತ್ತಿನ ನಡಿಗೆ. ಭಾದ್ರಪದದಲ್ಲಿ ಹಳ್ಳ ಇಳಿಯುವವರೆಗೆ ದಡದಲ್ಲಿ ಕುಳಿತಿರುವುದೇ ಪ್ರಯಾಣ. ಊರುಗಳು ಇದ್ದಲ್ಲಿಯೇ ಇವೆ. ಆದರೂ ನಡೆಯುವವನ ಪಾಲಿಗೆ ದೂರ ಬೇರೆಯಾಯಿತು. ಜೈನ ಮುನಿಗಳು ವರ್ಷಾಕಾಲದಲ್ಲಿ ವಿಹಾರವನ್ನು ನಿಲ್ಲಿಸಿ ಒಂದೇ ಕಡೆ ನೆಲೆಸುವ ನಿಯಮಕ್ಕೆ ಅಹಿಂಸೆಯೇ ಕಾರಣ. ಆದರೆ ಬೆಳ್ವೊಲದಂಥ ನಾಡಿನಲ್ಲಿ ಗೃಹಸ್ಥನಿಗೂ ನೆಲವೇ ಆ ನಿಯಮವನ್ನು ವಿಧಿಸುತ್ತಿತ್ತು.

ಈ ಹಿನ್ನೆಲೆಯಲ್ಲಿ ದೂರವಾಚಕ ಶಬ್ದಗಳನ್ನು ನೋಡತಕ್ಕದ್ದು. ಸಂಸ್ಕೃತದ ‘ಕ್ರೋಶ’ ಶಬ್ದವು ಕೂಗು ಎಂಬರ್ಥದ ‘ಕ್ರುಶ್’ ಧಾತುವಿನಿಂದ ಬಂದದ್ದು. ಒಬ್ಬನ ಕೂಗು ಇನ್ನೊಬ್ಬನಿಗೆ ಕೇಳುವಷ್ಟು ದೂರ ಎಂಬುದು ಮೂಲಾರ್ಥ. ಕನ್ನಡದ ‘ಕೂಗಳತೆ’ ಎಂಬ ಮಾತು ಅದಕ್ಕೆ ಹೇಳಿಮಾಡಿಸಿದ ಸಮಾನಪದ. ಇದು ಸಂಸ್ಕೃತವನ್ನು ನೋಡಿ ಕಟ್ಟಿದ್ದಲ್ಲ, ಹೊಲದ ಬದುವಿನಲ್ಲಿ ನಿಂತು ಕರೆಯುವವರ ಬಾಯಿಂದ ಹುಟ್ಟಿದ್ದು. ಕೌಟಿಲ್ಯನ ಅರ್ಥಶಾಸ್ತ್ರವು ಕ್ರೋಶದ ಸ್ಥಾನದಲ್ಲಿ ‘ಗೋರುತ’ ಎಂಬ ಶಬ್ದವನ್ನಿಟ್ಟಿದೆ. ಆವಿನ ಕೂಗು ಕೇಳುವ ದೂರ. (ಈ ಗ್ರಂಥವನ್ನು ಮೈಸೂರಿನ ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಅಚ್ಚುಹಾಕಿಸದೆ ಇದ್ದಿದ್ದರೆ ನಮ್ಮ ದೇಶದ ಅಳತೆಗಳ ಇತಿಹಾಸವು ಎಷ್ಟು ಬಡವಾಗಿರುತ್ತಿತ್ತೆಂಬುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಲ್ಲ.) ‘ಗವ್ಯೂತಿ’ಯೆಂಬುದು ಋಗ್ವೇದದಲ್ಲಿ ದನ ಮೇಯುವ ನೆಲ, ಅನಂತರ ಅದು ದೂರದ ಅಳತೆಯಾಯಿತು. ಕೂಗು, ಹಂಬೆ, ಮೇವು: ಇವು ಶಾಸ್ತ್ರಕಾರನ ಮನೆಯಲ್ಲಿ ಹುಟ್ಟಿದ ಅಳತೆಗಳಲ್ಲ. ಕನ್ನಡದ ಬಿಲ್ಲಂತರ, ಕಲ್ಲೆಸೆತ, ಮಾರು ಎಂಬುವೂ ಇದೇ ಜಾತಿಯವು. ನೆಲದ ವಿಸ್ತಾರದಲ್ಲಿಯೂ ಹೀಗೆಯೇ; ಧಾರವಾಡದ ಕಡೆಯ ಒಕ್ಕಲಿಗನು ಹೊಲವನ್ನು ‘ಇಷ್ಟು ಕೂರಿಗೆ’ ಎಂದಾಗ ಕೂರಿಗೆ ಹೂಡಿ ದಿನಕ್ಕೆ ಬಿತ್ತಬಹುದಾದಷ್ಟು ನೆಲವೆಂದೇ ಭಾವ. ದುಡಿಮೆಯೇ ಅಲ್ಲಿ ಅಳತೆಗೋಲು.

ಈ ಹಳ್ಳಿಯ ಮಾತುಗಳನ್ನು ಗಣಿತಜ್ಞರು ಹಿಡಿದು ಕೋಷ್ಟಕಕ್ಕೆ ಸೇರಿಸಿದರು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿಯೂ ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿಯೂ ಕ್ರಮ ಒಂದೇ: ೨೪ ಅಂಗುಲಕ್ಕೆ ಒಂದು ಹಸ್ತ, ೪ ಹಸ್ತಕ್ಕೆ ಒಂದು ದಂಡ, ೨೦೦೦ ದಂಡಕ್ಕೆ ಒಂದು ಕ್ರೋಶ, ೪ ಕ್ರೋಶಕ್ಕೆ ಒಂದು ಯೋಜನ. ಹಸ್ತವನ್ನು ಹದಿನೆಂಟು ಅಂಗುಲ ಇಂಗ್ಲಿಷ್ ಮಾನವೆಂದು ಹಿಡಿದರೆ ಕ್ರೋಶವು ಸುಮಾರು ಎರಡೂಕಾಲು ಮೈಲಿ, ಯೋಜನವು ಒಂಬತ್ತು ಮೈಲಿಗಿಂತ ತುಸು ಹೆಚ್ಚು, ಅಂದರೆ ೧೪.೬ ಕಿಲೋಮೀಟರು ಆಗುತ್ತದೆ. ಇಲ್ಲಿಗೆ ಎಲ್ಲವೂ ಸರಿಹೋಯಿತೆಂದು ತೋರುತ್ತದೆ.

ಸರಿಹೋಗಲಿಲ್ಲ. ಆರ್ಯಭಟನ ಯೋಜನವೂ ೮೦೦೦ ಪುರುಷಪ್ರಮಾಣದ್ದು, ಪುರುಷನು ನಾಲ್ಕು ಹಸ್ತ. ಎಂದರೆ ಅವನದೂ ೩೨,೦೦೦ ಹಸ್ತವೇ. ಆದರೆ ಆರ್ಯಭಟನು ಭೂಮಿಯ ವ್ಯಾಸವನ್ನು ೧೦೫೦ ಯೋಜನವೆನ್ನುತ್ತಾನೆ. ಪರಿಧಿಯು ಸುಮಾರು ೩೩೦೦ ಯೋಜನವಾಗುತ್ತದೆ. ಭಾಸ್ಕರಾಚಾರ್ಯನು ಸಿದ್ಧಾಂತಶಿರೋಮಣಿಯಲ್ಲಿ ಪರಿಧಿಯನ್ನು ೪೯೬೭ ಯೋಜನವೆನ್ನುತ್ತಾನೆ. ಭೂಮಿ ಒಂದೇ. ಇಂದು ತಿಳಿದಿರುವ ೪೦,೦೭೫ ಕಿಲೋಮೀಟರಿನ ಪರಿಧಿಯನ್ನು ಭಾಗಿಸಿದರೆ ಆರ್ಯಭಟನ ಯೋಜನವು ೧೨ ಕಿಲೋಮೀಟರಿಗೂ, ಭಾಸ್ಕರನದು ೮ ಕಿಲೋಮೀಟರಿಗೂ ಬರುತ್ತದೆ. ಕೋಷ್ಟಕದ ಯೋಜನ ೧೪.೬. ಇವುಗಳಲ್ಲಿ ಯಾವುದರಿಂದ ಅಳೆಯುವುದು? ನವಲಗುಂದದಿಂದ ಕಲಘಟಗಿಗೆ ಆಕಾಶದ ದೂರವು ಕೋಷ್ಟಕದಂತೆ ನಾಲ್ಕು ಯೋಜನ, ಆರ್ಯಭಟನ ಭೂಮಿಯಂತೆ ಐದು, ಭಾಸ್ಕರನ ಭೂಮಿಯಂತೆ ಏಳೂವರೆ. ‘ಯೋಜನವೆಂದರೆ ಇಷ್ಟು ಮೈಲಿ’ ಎಂದು ಒಂದೇ ಸಂಖ್ಯೆಯನ್ನು ಅಡಿಟಿಪ್ಪಣಿಯಲ್ಲಿ ಬರೆಯುವವನು ಈ ಮೂರರಲ್ಲಿ ಒಂದನ್ನು ತಿಳಿಯದೆಯೇ ಆರಿಸಿಕೊಂಡಿರುತ್ತಾನೆ.

ಗಾವುದದ ಕಥೆ ಇದಕ್ಕಿಂತ ವಿಚಿತ್ರವಾಗಿದೆ. ಗವ್ಯೂತಿ ಅಥವಾ ಗವ್ಯೂತ ಶಬ್ದದ ತದ್ಭವವೇ ಗಾವುದವೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಅಮರಸಿಂಹನು ಗವ್ಯೂತಿಯನ್ನು ಎರಡು ಕ್ರೋಶವೆಂದು ಹೇಳಿದ್ದಾನೆ. ಮೇಲಿನ ಕೋಷ್ಟಕದಂತೆ ಅದು ನಾಲ್ಕೂವರೆ ಮೈಲಿ. ಪ್ರಾಕೃತದ ಜೈನ ಆಗಮಗಳಲ್ಲಿ ಬರುವ ‘ಗಾಉಯ’ವು ಎರಡು ಸಾವಿರ ಧನುಸ್ಸು ಮಾತ್ರ, ನಾಲ್ಕು ಗಾಉಯಕ್ಕೆ ಒಂದು ಯೋಜನ, ಅಂದರೆ ಅದು ಒಂದೇ ಕ್ರೋಶ, ಎರಡೂಕಾಲು ಮೈಲಿ. ಕನ್ನಡಕ್ಕೆ ಬಂದಾಗ ಅದೇ ಶಬ್ದವು ಹನ್ನೆರಡು ಮೈಲಿಯಾಗಿ, ತನ್ನ ತಂದೆಯಾದ ಗವ್ಯೂತಿಯನ್ನಷ್ಟೇ ಅಲ್ಲ, ತಾತನಾದ ಯೋಜನವನ್ನೂ ಮೀರಿಸಿಬಿಟ್ಟಿದೆ. ತಮಿಳಿನ ‘ಕಾದಂ’ ಎಂಬ ಜ್ಞಾತಿಶಬ್ದವೂ ಸುಮಾರು ಹತ್ತು ಮೈಲಿಯೆಂದೇ ಬಳಕೆಯಲ್ಲಿರುವುದರಿಂದ ಇದು ಕನ್ನಡದವರ ಕೈತಪ್ಪಲ್ಲ. ಶಬ್ದವು ಉತ್ತರದಿಂದ ಬಂತು, ಅಳತೆಯು ಬರಲಿಲ್ಲ.

ಹಾಗಾದರೆ ಈ ಹನ್ನೆರಡು ಮೈಲಿ ಎಲ್ಲಿಂದ ಬಂತು? ಹೊರೆ ಹೇರಿದ ಗಾಡಿಯು ಸಾಧಾರಣ ಹಾದಿಯಲ್ಲಿ ತಾಸಿಗೆ ಎರಡು ಮೈಲಿಗಿಂತ ಹೆಚ್ಚು ಸಾಗುವುದು ಕಷ್ಟ. ಎತ್ತುಗಳಿಗೆ ಮೇವು ನೀರು ವಿಶ್ರಾಂತಿಗಳನ್ನು ಕೊಟ್ಟು, ಬಿಸಿಲು ಕಳೆದು, ಹೊತ್ತು ಮುಳುಗುವುದರೊಳಗೆ ಊರು ಸೇರಬೇಕಾದರೆ ದಿನಕ್ಕೆ ಹತ್ತು ಹನ್ನೆರಡು ಮೈಲಿಯೇ ಮಿತಿ. ಗಾವುದವೆಂಬುದು ದಕ್ಷಿಣದಲ್ಲಿ ‘ಒಂದು ದಿನದ ಪಯಣ’ ಎಂಬ ಅರ್ಥವನ್ನು ತಾಳಿತೆಂದು ಇದರಿಂದ ಊಹಿಸುವುದು ಅಸಂಗತವಾಗದು. ನಾಲ್ಕು ಹರದಾರಿಗೆ ಒಂದು ಗಾವುದವೆಂಬ ಲೆಕ್ಕವೂ ಇದಕ್ಕೆ ಒಪ್ಪುತ್ತದೆ. ಮೂರು ಮೈಲಿಯು ಕಾಲಾಳಿಗೆ ಒಂದು ತಾಸಿನ ನಡಿಗೆ. ‘ಹರದಾರಿ’ ಎಂದೊಡನೆ ‘ದಾರಿ’ಯೆಂಬುದು ಕಿವಿಗೆ ಬೀಳದೆ ಇರದು. ಮರಾಠರ ಆಳ್ವಿಕೆಯ ಕಾಲದಿಂದ ಈ ಭಾಗದಲ್ಲಿ ಬೇರೂರಿದ ‘ಮಜಲು’ ಶಬ್ದವೂ ದಿನದ ನಡೆಯ ಕೊನೆಯಲ್ಲಿ ತಂಗುವ ತಾಣವೇ. ಇವುಗಳಿಂದ ನವಲಗುಂದ–ಕಲಘಟಗಿಗಳ ದೂರವನ್ನು ಹೇಳುವುದಾದರೆ, ಆಕಾಶದಲ್ಲಿ ಹನ್ನೆರಡೂವರೆ ಹರದಾರಿ, ಅಂದರೆ ಮೂರು ಗಾವುದ. ನೆಲದ ಮೇಲೆ ಮೂರೂವರೆಗೆ ಮೇಲೆ. ಗಾಡಿಗೆ ನಾಲ್ಕು ಮಜಲು. ಕೊನೆಯ ಸಂಖ್ಯೆಯೊಂದೇ ಹಿಂದಿನವರಿಗೆ ಉಪಯುಕ್ತವಾಗಿತ್ತು. ಎಷ್ಟು ಬುತ್ತಿ ಕಟ್ಟಬೇಕು, ಎಲ್ಲಿ ತಂಗಬೇಕು, ಮದುವೆಯ ದಿಬ್ಬಣವು ಎಂದು ಹೊರಟರೆ ಲಗ್ನಕ್ಕೆ ಮುಟ್ಟೀತು ಎಂಬುದನ್ನು ಅದು ತಿಳಿಸುತ್ತಿತ್ತು.

ಇಷ್ಟರಿಂದ, ಸರಳರೇಖೆಯ ದೂರವನ್ನು ನಮ್ಮವರು ಅರಿಯರು, ಅದು ಲ್ಯಾಂಬ್ಟನ್ ಮೊದಲಾದವರು ೧೮೦೨ರಲ್ಲಿ ಮದರಾಸಿನಿಂದ ಆರಂಭಿಸಿದ ತ್ರಿಕೋಣಮಾಪನದೊಡನೆ ಬಂದದ್ದು, ಎಂದು ಯಾರಾದರೂ ಹೇಳಿದರೆ ಅದನ್ನೂ ಒಪ್ಪಲಾಗದು. ಭಾಸ್ಕರಾಚಾರ್ಯನು ಗೋಲಾಧ್ಯಾಯದಲ್ಲಿ ಭೂಪರಿಧಿಯನ್ನು ಸಾಧಿಸುವ ಬಗೆಯನ್ನು ಹೇಳುವಾಗ ಎರಡು ಊರುಗಳನ್ನೇ ತೆಗೆದುಕೊಳ್ಳುತ್ತಾನೆ. ಒಂದು ಊರು ಇನ್ನೊಂದರ ನೇರ ಬಡಗಣಕ್ಕಿರಬೇಕು. ಎರಡರ ಅಕ್ಷಾಂಶಗಳ ಅಂತರಕ್ಕೆ ಇಷ್ಟು ಯೋಜನವಾದರೆ ೩೬೦ ಅಂಶಕ್ಕೆ ಎಷ್ಟು ಎಂಬ ತ್ರೈರಾಶಿಕವೇ ಅಲ್ಲಿಯ ಯುಕ್ತಿ. ಬೆಳ್ವೊಲದ ಸುತ್ತಿನಲ್ಲಿಯೇ ಇದಕ್ಕೆ ಒಳ್ಳೆಯ ಜೋಡಿಯೊಂದು ದೊರೆಯುತ್ತದೆ. ಪುಲಿಗೆರೆಯೆಂಬ ಲಕ್ಷ್ಮೇಶ್ವರದ ಬಡಗಣಕ್ಕೆ, ಬಹುಮಟ್ಟಿಗೆ ಅದೇ ರೇಖೆಯಲ್ಲಿ, ಅಣ್ಣಿಗೇರಿಯಿದೆ. ಅಕ್ಷಾಂತರವು ಒಂದು ಅಂಶದ ಹತ್ತರಲ್ಲಿ ಮೂರು ಪಾಲು. ಒಂದು ಅಂಶಕ್ಕೆ ೧೧೧ ಕಿಲೋಮೀಟರಾದುದರಿಂದ ಇವುಗಳ ನಡುವಣ ದೂರವು ಸುಮಾರು ೩೩ ಕಿಲೋಮೀಟರು. ಶಂಕುವಿನ ನೆರಳನ್ನು ಅಳೆದು ಅಕ್ಷಾಂಶವನ್ನು ತಿಳಿದವನು ಹೆಜ್ಜೆಯನ್ನು ಎಣಿಸದೆಯೇ ಇದನ್ನು ಹೇಳಬಲ್ಲನು.

ಪೂರ್ವಪಶ್ಚಿಮದ ದೂರ ಮಾತ್ರ ಇಷ್ಟು ಸುಲಭವಲ್ಲ. ಜ್ಯೌತಿಷಿಕರು ಲಂಕಾ, ಉಜ್ಜಯಿನಿ, ಕುರುಕ್ಷೇತ್ರ, ಮೇರುಗಳ ಮೇಲೆ ಹಾಯುವ ಮಧ್ಯರೇಖೆಯೊಂದನ್ನು ಕಲ್ಪಿಸಿ, ಅದರಿಂದ ತಮ್ಮ ಊರು ಮೂಡಣಕ್ಕೋ ಪಡುವಣಕ್ಕೋ ಎಷ್ಟು ದೂರವಿದೆಯೆಂದು ನೋಡಿ ಗ್ರಹಗಣಿತಕ್ಕೆ ‘ದೇಶಾಂತರ’ಸಂಸ್ಕಾರ ಮಾಡುತ್ತಿದ್ದರು. ಆ ದೂರವನ್ನು ಯೋಜನಗಳಿಂದ ಎಣಿಸುವ ಪದ್ಧತಿಯನ್ನು ಏಳನೆಯ ಶತಮಾನದ ಮೊದಲನೆಯ ಭಾಸ್ಕರನು ಮಹಾಭಾಸ್ಕರೀಯದಲ್ಲಿಯೇ ಆಕ್ಷೇಪಿಸಿದ್ದಾನೆ: ಜನರು ಹೇಳುವ ದೂರವು ಸ್ಥೂಲ, ಭೂಮಿಯೋ ಗೋಲ. ಆದುದರಿಂದ ಅವರು ಚಂದ್ರಗ್ರಹಣವನ್ನು ಹಿಡಿದರು. ಮಧ್ಯರೇಖೆಗೆ ಗಣಿಸಿದ ಗ್ರಹಣಕಾಲಕ್ಕೂ ತಮ್ಮ ಊರಿನಲ್ಲಿ ಕಂಡ ಕಾಲಕ್ಕೂ ಇರುವ ವ್ಯತ್ಯಾಸವೇ ದೇಶಾಂತರ. ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ದಾರಿಯ ಯೋಜನವನ್ನು ನಂಬಲಾರದೆ ಶಾಸ್ತ್ರಜ್ಞನು ಮೊರೆಹೊಕ್ಕದ್ದು ಕಾಲವನ್ನು. ‘ಎರಡು ತಾಸಿನ ದಾರಿ’ ಎನ್ನುವ ಹಳ್ಳಿಗನೂ ‘ಇಷ್ಟು ವಿಘಳಿಗೆ ದೇಶಾಂತರ’ ಎನ್ನುವ ಜೋಯಿಸನೂ ಬೇರೆ ಬೇರೆ ಕಾರಣಗಳಿಂದ ಒಂದೇ ಕಡೆಗೆ ಬಂದು ನಿಂತಿದ್ದಾರೆ.

ಉಜ್ಜಯಿನಿಯ ರೇಖೆಗೆ ಧಾರವಾಡದ ಈ ಮೂಡಣ ಭಾಗವು ಬಹು ಸಮೀಪದಲ್ಲಿದೆ. ನವಲಗುಂದವು ಅದಕ್ಕೆ ಪಡುವಣಕ್ಕೆ ಒಂದು ಅಂಶದ ಹತ್ತರಲ್ಲಿ ನಾಲ್ಕು ಪಾಲು ಮಾತ್ರ. ಅಂಶಕ್ಕೆ ನಾಲ್ಕು ನಿಮಿಷದಂತೆ ಇದು ಒಂದೂವರೆ ನಿಮಿಷಕ್ಕೆ ತುಸು ಮೇಲೆ, ಹಳೆಯ ಮಾನದಲ್ಲಿ ನಾಲ್ಕು ವಿಘಳಿಗೆ. ಆಕಸ್ಮಿಕವಾಗಿ ನವಲಗುಂದದಿಂದ ಕಲಘಟಗಿಗೂ ರೇಖಾಂತರವು ಅಷ್ಟೇ. ಎಂದರೆ ನವಲಗುಂದದ ನಡುಹಗಲು ಕಲಘಟಗಿಯನ್ನು ಮುಟ್ಟುವುದಕ್ಕೆ ನಾಲ್ಕು ವಿಘಳಿಗೆ ಬೇಕು. ಈ ಎರಡು ಊರುಗಳ ನಡುವೆ ಆಕಾಶಮಾರ್ಗದಲ್ಲಿ ದಿನವೂ ತಪ್ಪದೆ ಸಂಚರಿಸುವವನು ಸೂರ್ಯನೊಬ್ಬನೇ. ಅವನ ಪ್ರಯಾಣದ ಕಾಲ ಇದು.

ವಿಮಾನದ ಮಾತನ್ನೂ ಆಡಬೇಕು. ತಾಸಿಗೆ ೫೦೦ ಕಿಲೋಮೀಟರು ಹಾರುವ ವಿಮಾನಕ್ಕೆ ೬೦ ಕಿಲೋಮೀಟರು ಏಳು ನಿಮಿಷದ ದಾರಿ. ೮೦೦ ಕಿಲೋಮೀಟರಿನದಕ್ಕೆ ನಾಲ್ಕೂವರೆ ನಿಮಿಷ. ಇಂಥ ಲೆಕ್ಕಗಳನ್ನು ಜನರು ಈಗ ಆಸಕ್ತಿಯಿಂದ ಮಾಡುತ್ತಾರೆ. ಗಣಿತ ಸರಿಯಾಗಿದೆ, ಅರ್ಥ ಮಾತ್ರ ಇಲ್ಲ. ಎರಡೂ ಊರುಗಳಲ್ಲಿ ವಿಮಾನ ಇಳಿಯುವ ನಿಲ್ದಾಣವಿಲ್ಲ. ಇದ್ದರೂ ವಿಮಾನವು ತನ್ನ ಸಹಜವಾದ ಎತ್ತರಕ್ಕೆ ಏರುವುದಕ್ಕೇ ಹತ್ತು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದರಿಂದ, ಏರುವ ಮೊದಲೇ ಊರು ಹಿಂದೆ ಬಿದ್ದಿರುತ್ತದೆ. ನಡುವೆ ಇರುವ ಹುಬ್ಬಳ್ಳಿಯಲ್ಲಿ ೧೯೭೪ರಿಂದ ವಿಮಾನ ನಿಲ್ದಾಣವುಂಟು. ೨೦೧೭ರಲ್ಲಿ ಅದಕ್ಕೆ ಹೊಸ ಕಟ್ಟಡವಾಯಿತು. ಅಲ್ಲಿಂದ ಬೆಂಗಳೂರಿನ ದೇವನಹಳ್ಳಿಯ ನಿಲ್ದಾಣಕ್ಕೆ ಸರಳರೇಖೆಯಲ್ಲಿ ಸುಮಾರು ೩೭೦ ಕಿಲೋಮೀಟರು. ೫೦೦ರ ವೇಗಕ್ಕೆ ಇದು ಮುಕ್ಕಾಲು ತಾಸು. ಆದರೆ ವೇಳಾಪಟ್ಟಿಯು ಒಂದು ತಾಸು ಅಥವಾ ಅದಕ್ಕಿಂತ ಹೆಚ್ಚನ್ನೇ ಹೇಳುತ್ತದೆ; ನೆಲದ ಮೇಲೆ ಓಡಾಡುವ ಹೊತ್ತು, ಏರುವ ಇಳಿಯುವ ಹೊತ್ತು, ಇಳಿಯಲು ಸರದಿ ಕಾಯುವ ಹೊತ್ತು, ಎಲ್ಲವೂ ಅದರಲ್ಲಿ ಸೇರಿವೆ. ಎತ್ತಿನ ಗಾಡಿಯವನು ಮೇವು ನೀರಿನ ಹೊತ್ತನ್ನು ಸೇರಿಸಿ ಮಜಲನ್ನು ಎಣಿಸುತ್ತಿದ್ದ ಕ್ರಮವೇ ಇದು. ಆಕಾಶಕ್ಕೆ ಏರಿದರೂ ಹಾದಿಯು ಪೂರ್ತಿ ಸರಳರೇಖೆಯಾಗಲಿಲ್ಲ, ದೂರವು ಕಾಲದಿಂದ ಬಿಡುಗಡೆ ಹೊಂದಲಿಲ್ಲ.

ಈ ಮರ್ಮವನ್ನು ಮಹಾಕವಿಗಳು ಬಲ್ಲರು. ಮೇಘದೂತದಲ್ಲಿ ಯಕ್ಷನು ರಾಮಗಿರಿಯಿಂದ ಅಲಕೆಗೆ ಮೇಘವನ್ನು ಕಳುಹಿಸುತ್ತಾನೆ. ಬಡಗಣಕ್ಕೆ ಹೋಗಬೇಕಾದ ಮೇಘಕ್ಕೆ ಯಾವ ಹಳ್ಳದ ಅಡ್ಡಿಯೂ ಇಲ್ಲ. ಆದರೂ ದಾರಿ ಸುತ್ತಾದರೇನು, ಉಜ್ಜಯಿನಿಯನ್ನು ನೋಡಿಕೊಂಡು ಹೋಗೆಂದು ಅವನು ಒತ್ತಾಯಿಸುತ್ತಾನೆ. ಆಕಾಶದಲ್ಲಿಯೂ ಸುತ್ತುದಾರಿಯೇ ರಸವತ್ತಾಯ್ತು. ಆ ಕಾವ್ಯದಲ್ಲಿ ಒಟ್ಟು ದೂರವು ಎಷ್ಟು ಯೋಜನವೆಂಬ ಪ್ರಶ್ನೆಯೇ ಏಳದು. ಗಿರಿ, ನದಿ, ಪುರಗಳ ಸಾಲೇ ಅಲ್ಲಿ ಮಜಲುಗಳ ಸಾಲು. ರಘುವಂಶದ ಹದಿಮೂರನೆಯ ಸರ್ಗದಲ್ಲಿ ಪುಷ್ಪಕವು ರಾಮನ ಇಚ್ಛೆಯಂತೆ ಒಮ್ಮೆ ದೇವತೆಗಳ, ಒಮ್ಮೆ ಮೇಘಗಳ, ಒಮ್ಮೆ ಹಕ್ಕಿಗಳ ಪಥದಲ್ಲಿ ಸಾಗುತ್ತದೆ. ಶಾಕುಂತಲದ ಏಳನೆಯ ಅಂಕದಲ್ಲಿ ಮಾತಲಿಯ ರಥ ಇಳಿಯುವಾಗ ಬೆಟ್ಟ, ಮರ, ನದಿಗಳು ಮೆಲ್ಲಮೆಲ್ಲನೆ ರೂಪುಗೊಳ್ಳುವುದನ್ನು ದುಷ್ಯಂತನು ಕಾಣುತ್ತಾನೆ. ಹುಬ್ಬಳ್ಳಿಯಲ್ಲಿ ಇಳಿಯುವ ವಿಮಾನದಿಂದ ಹೊಲಗಳ ಬದುಗಳನ್ನು ಕಂಡವನಿಗೆ ಅಲ್ಲಿಯ ವರ್ಣನೆಯಲ್ಲಿ ಟಿಪ್ಪಣಿ ಬೇಕಾಗದು. ಇಂಥ ಕಡೆ ಸಂಖ್ಯೆಯನ್ನು ತರುವುದು ರಸಭಂಗವೇ.

ಸಂಖ್ಯೆ ಬಂದ ಕಡೆಯಾದರೂ ಎಚ್ಚರ ಬೇಕು. ವಾಲ್ಮೀಕಿಯ ಹನುಮಂತನು ನೂರು ಯೋಜನದ ಸಮುದ್ರವನ್ನು ದಾಟುತ್ತಾನೆ. ಕೋಷ್ಟಕದ ಯೋಜನವನ್ನು ಹಾಕಿದರೆ ಇದು ೧೪೬೦ ಕಿಲೋಮೀಟರು. ಧನುಷ್ಕೋಟಿಗೂ ಸಿಂಹಳದ ತಲೈಮನ್ನಾರಿಗೂ ನಡುವೆ ಇರುವುದು ಮೂವತ್ತರ ಆಸುಪಾಸು. ಈ ವ್ಯತ್ಯಾಸವನ್ನು ಕಂಡು ಲಂಕೆಯನ್ನೇ ಬೇರೆಡೆಗೆ ಸಾಗಿಸಿದ ವಿದ್ವಾಂಸರುಂಟು. ನೂರೆಂಬುದು ಅಲ್ಲಿ ‘ಯಾರೂ ದಾಟಲಾರದಷ್ಟು’ ಎಂಬ ಅರ್ಥದ್ದೆಂದು ಹೇಳಿ ಮುಂದೆ ಹೋಗುವುದು ಹೆಚ್ಚು ಕ್ಷೇಮಕರ. ಜೈನ ಕಾವ್ಯಗಳಲ್ಲಿ ತೊಡಕು ಇನ್ನೊಂದು ಬಗೆಯದು. ಅಲ್ಲಿ ಅಂಗುಲವೇ ಮೂರು ವಿಧ: ಉತ್ಸೇಧಾಂಗುಲ, ಆತ್ಮಾಂಗುಲ, ಪ್ರಮಾಣಾಂಗುಲ. ದೇಹದ ಎತ್ತರಕ್ಕೆ ಮೊದಲನೆಯದು. ದ್ವೀಪ ಸಮುದ್ರ ಪರ್ವತಗಳಿಗೆ ಕೊನೆಯದು. ಇದು ಮೊದಲನೆಯದಕ್ಕಿಂತ ಐನೂರು ಮಡಿ ದೊಡ್ಡದೆಂದು ದಿಗಂಬರ ಸಂಪ್ರದಾಯ. ಲಕ್ಷ ಯೋಜನದ ಜಂಬೂದ್ವೀಪವೆಂಬಲ್ಲಿ ಯೋಜನವು ಪ್ರಮಾಣಯೋಜನ. ಆದಿಪುರಾಣದಂಥ ಗ್ರಂಥವನ್ನು ಪಾಠ ಹೇಳುವವನು ಇಲ್ಲಿ ‘ಒಂಬತ್ತು ಮೈಲಿ’ ಎಂದರೆ ಐನೂರು ಪಾಲಿನಲ್ಲಿ ಒಂದು ಪಾಲನ್ನು ಮಾತ್ರ ಹೇಳಿದಂತಾಗುತ್ತದೆ.

ಆದುದರಿಂದ ಟಿಪ್ಪಣಿಕಾರನು ಮೊದಲು ಕೇಳಿಕೊಳ್ಳಬೇಕಾದದ್ದು ‘ಎಷ್ಟು ಮೈಲಿ’ ಎಂದಲ್ಲ, ‘ಯಾರ ದೂರ’ ಎಂದು. ಲೋಕವರ್ಣನೆಯ ಯೋಜನಕ್ಕೆ ಆಯಾ ಮತದ ಮಾನವನ್ನು ಹೇಳಬೇಕು. ಸಿದ್ಧಾಂತಗ್ರಂಥದ ಯೋಜನಕ್ಕೆ ಆ ಗ್ರಂಥಕಾರನ ಭೂಪರಿಧಿಯನ್ನು ಹೇಳಬೇಕು. ಸೇನೆಯು ಇಷ್ಟು ಗಾವುದ ಹರಡಿತ್ತೆಂಬಲ್ಲಿ ಅತಿಶಯೋಕ್ತಿಯೆಂದು ಹೇಳಿದರೆ ಸಾಕು. ಪಯಣದ ಗಾವುದಕ್ಕೆ ಮಾತ್ರ ‘ಒಂದು ದಿನದ ಹಾದಿ, ಸುಮಾರು ೨೦ ಕಿಲೋಮೀಟರು’ ಎಂದು, ದಿನವನ್ನು ಮೊದಲು ಕಿಲೋಮೀಟರನ್ನು ಅನಂತರ ಇಟ್ಟು ಬರೆಯುವುದು ಉಚಿತ.

ಹೀಗೆ ಮಾಡುವುದರಿಂದ ಸಾಹಿತ್ಯಚರಿತ್ರೆಯ ಕೆಲವು ಸಂಗತಿಗಳೂ ಬೇರೆ ಬೆಳಕಿನಲ್ಲಿ ಕಾಣುತ್ತವೆ. ಪಂಪನ ತಮ್ಮನಾದ ಜಿನವಲ್ಲಭನು ಇಂದಿನ ತೆಲಂಗಾಣದ ಕುರಿಕ್ಯಾಲದಲ್ಲಿ ಸಂಸ್ಕೃತ, ಕನ್ನಡ, ತೆಲುಗುಗಳಲ್ಲಿ ಬರೆಯಿಸಿದ ಶಾಸನವು, ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ತಿಳಿಸುತ್ತದೆ. ಆ ಜೋಯಿಸನು ಪಂಚಾಂಗ ಗಣಿಸುವಾಗ ಅಣ್ಣಿಗೇರಿಗೆ ಮಾಡಬೇಕಾಗಿದ್ದ ದೇಶಾಂತರಸಂಸ್ಕಾರವು ಮೂರು ಮೂರೂವರೆ ವಿಘಳಿಗೆಯಷ್ಟೇ. ಆದರೆ ಅವನ ಮೊಮ್ಮಗಳ ಮಗನು ಶಾಸನ ಹಾಕಿಸಿದ ಕುರಿಕ್ಯಾಲವು ಅಣ್ಣಿಗೇರಿಯಿಂದ ಸರಳರೇಖೆಯಲ್ಲಿಯೇ ೫೦೦ ಕಿಲೋಮೀಟರಿಗೆ ಮೇಲೆ. ಭೂಪಟದಲ್ಲಿ ಇದು ಒಂದು ಗೇಣಿನೊಳಗಿನ ಅಂತರ. ವಿಮಾನಕ್ಕೆ ತಾಸಿನ ಮಾತು. ಗಾವುದದಲ್ಲಿ ಇಪ್ಪತ್ತಾರು ಇಪ್ಪತ್ತೇಳು. ಹಾದಿಯ ಬಾಗುಗಳನ್ನು ಸೇರಿಸಿದರೆ ಮೂವತ್ತಕ್ಕೆ ಕಡಮೆಯಾಗದು. ಅಂದರೆ ಒಂದು ತಿಂಗಳ ಪಯಣ. ನಡುವೆ ಕೃಷ್ಣೆ ಭೀಮೆಗಳೆರಡನ್ನೂ ದಾಟಬೇಕು. ಆಷಾಢದ ಮೊದಲು ಹೊರಟವರು ದಾಟಿಯಾರು. ತಡಮಾಡಿದವರು ಹೊಳೆಯಿಳಿಯುವವರೆಗೆ ಈಚೆಯ ದಡದಲ್ಲಿಯೇ ಉಳಿಯಬೇಕು.